ಗುರುಗ್ರಹದ ಬಿಂಬವನ್ನು ದೊಡ್ಡದಾಗಿ ಸೆರೆಹಿಡಿಯುವುದು ಹೇಗೆ?

ಪ್ರಶ್ನೆ (ಶಿರಸಿ): ಅಂಗಳದಲ್ಲಿಟ್ಟ 150 ಮಿ.ಮೀ. ವ್ಯಾಸದ, 750 ಮಿ.ಮೀ. ಸಂಗಮದೂರದ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ತೆಗೆದ ಚಿತ್ರಗಳಲ್ಲಿ ಗುರುವು ಸಾಸಿವೆ ಕಾಳಿನಷ್ಟೇ ಕಾಣುತ್ತಿದೆ. ಬಲ್ಲವರು ದಯವಿಟ್ಟು ಪರಿಹಾರ ತಿಳಿಸಬೇಕು.

ಉತ್ತರ (ಕಾರವಾರ): ಬಿಂಬದ ಗಾತ್ರವನ್ನು ನಿರ್ಧರಿಸುವುದು ಸಂಗಮದೂರ. ಗುರುವಿನ ತೋರಿಕೆಯ ವ್ಯಾಸ 45 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್) ಇರುವಾಗ ನಿಮ್ಮ ಸಂವೇದಕದ ಮೇಲೆ ಮೂಡುವ ಬಿಂಬ ಸುಮಾರು 0.16 ಮಿ.ಮೀ. ಮಾತ್ರ, 3 ಪಟ್ಟಿನ ಬಾರ್ಲೋ ಮಸೂರ (ಸಂಗಮದೂರವನ್ನು ಹೆಚ್ಚಿಸುವ ಮಸೂರ) ಸೇರಿಸಿದರೆ ಅದು ಹತ್ತಿರ ಹತ್ತಿರ ಅರ್ಧ ಮಿ.ಮೀ. ಆಗುತ್ತದೆ. ಆದರೆ ಬಿಂಬದ ಹೊಳಪು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುವುದರಿಂದ ಎಕ್ಸ್‌ಪೋಷರ್ ಹೆಚ್ಚಿಸಬೇಕಾಗುತ್ತದೆ.

ಉತ್ತರ (ಕುಮಟಾ): ನನ್ನ ದೃಷ್ಟಿಯಲ್ಲಿ ಗಾತ್ರಕ್ಕಿಂತಲೂ ಗಾಳಿಯ ನಿಶ್ಚಲತೆ ಮುಖ್ಯ. ಹಗಲೆಲ್ಲ ಕಾದ ಹಂಚಿನ ಮಾಡಿನ ಮೇಲಿಂದ ನೋಡಿದರೆ ಗುರುವಿನ ಅಂಚು ನೀರಿನೊಳಗಿನ ನಾಣ್ಯದಂತೆ ನಡುಗುತ್ತದೆ. ದೂರದರ್ಶಕವನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು ತಣಿಸಿ, ಎರಡು ನಿಮಿಷ ವಿಡಿಯೊ ತೆಗೆದು, ಸ್ಪಷ್ಟವಾದ ಫ್ರೇಮುಗಳನ್ನಷ್ಟೇ ಸ್ಟ್ಯಾಕ್ ಮಾಡಿ (ಒಂದರ ಮೇಲೊಂದು ಸೇರಿಸಿ ಒಂದೇ ಚಿತ್ರವಾಗಿಸಿ).