ದಾಂಡೇಲಿ ಫುಲ್ ಡೇ ಪ್ಯಾಕೇಜ್: ರಾಫ್ಟಿಂಗ್, ಕಯಾಕಿಂಗ್, ಜಿಪ್‌ಲೈನ್ ಎಲ್ಲಾ ಒಂದೇ ದಿನ ಮಾಡಿದೋರು ಅನುಭವ ಹೇಳಿ

ರಾಜಾಜಿನಗರ ಗೃಹಸ್ಥ:
ಎಲ್ರಿಗೂ ನಮಸ್ಕಾರ. ನವೆಂಬರ್ ಎರಡನೇ ಶನಿವಾರ ದಾಂಡೇಲಿ ಪ್ಲಾನ್. ಶುಕ್ರವಾರ ರಾತ್ರಿ ಬೆಂಗಳೂರಿಂದ ಬಸ್, ಶನಿವಾರ ಇಡೀ ದಿನ ಆಕ್ಟಿವಿಟಿ, ಅವತ್ತೇ ರಾತ್ರಿ ಬಸ್ ಹತ್ತಿ ವಾಪಸ್. ಲಾಂಗ್ ರಾಫ್ಟಿಂಗ್, ಕಯಾಕಿಂಗ್, ಜೋರ್ಬಿಂಗ್ (ದೊಡ್ಡ ಗಾಳಿ ಚೆಂಡೊಳಗೆ ಹೊಕ್ಕು ನೀರಲ್ಲಿ ಉರುಳೋದು), ಜಿಪ್‌ಲೈನ್, ನ್ಯಾಚುರಲ್ ಜಕೂಝಿ (ಹೊಳೆ ಬಂಡೆ ಮಧ್ಯೆ ನೀರು ನುಗ್ಗೋ ಕಡೆ ಕೂರೋದು), ಮಧ್ಯಾಹ್ನದ ಊಟ ಎಲ್ಲಾ ಸೇರಿ ತಲೆಗೆ 2,450 ಕೇಳ್ತಿದ್ದಾರೆ. ನಾನು, ಹೆಂಡ್ತಿ, 11 ವರ್ಷದ ಮಗಳು, ನಮ್ಮಪ್ಪ (61, ಬಿಪಿ ಮಾತ್ರೆ ತಗೋತಾರೆ, ಆದ್ರೆ ದಿನಾ ವಾಕಿಂಗ್ ಇದೆ). ರೇಟ್ ಸರೀನಾ, ಮಗಳನ್ನ ರಾಫ್ಟಿಗೆ ಹತ್ತಿಸ್ತಾರಾ, ಅಪ್ಪನಿಗೆ ಆಗುತ್ತಾ? ಗೊತ್ತಿರೋರು ಹೇಳಿ ಪ್ಲೀಸ್.

ಗಿರ್ಮಿಟ್ ಪ್ರಿಯ:
2,450 ಅಂದ್ರ ಸುಲಿಗಿ ಐತ್ರಿ ಇದು. ಬೆಂಗಳೂರಿಂದ ಬರೋರು ಅಂತ ಗೊತ್ತಾದ್ರ ಸಾಕು ರೇಟ್ ಏರಸ್ತಾರ. ನಾವು ಹುಬ್ಬಳ್ಳಿಯಿಂದ ಐದು ಮಂದಿ ನಮ್ಮ ಕಾರ್ನ್ಯಾಗ ಮುಂಜಾನೆ ಐದಕ್ಕ ಬಿಟ್ವಿ, ದಾಂಡೇಲಿ 75 ಕಿಲೋಮೀಟರ್, ಅಲ್ಲಿಂದ ರಾಫ್ಟಿಂಗ್ ನಡಿಯೋ ಗಣೇಶಗುಡಿ ಮತ್ತೊಂದು 25, ಎಂಟಕ್ಕ ಹೊಳಿ ದಂಡಿಮ್ಯಾಲ ನಿಂತಿದ್ವಿ. ಲಾಂಗ್ ರಾಫ್ಟಿಂಗ್ 1,400, ಉಳಿದ ನೀರಿನ ಆಟ ಎಲ್ಲಾ ಕೂಡಿ 500, ಊಟ ಮನಿಯಿಂದ ಕಟಗೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ, ಬದನಿಕಾಯಿ ಪಲ್ಯ. ಆ ಪ್ಯಾಕೇಜ್ ಊಟದಾಗ ಏನಿರತೈತಿ ಗೊತ್ತೇನ್ರಿ, ತಣ್ಣಗಾದ ಪನ್ನೀರು, ನೀರಾದ ದಾಲು. ಅದಕ್ಕ 350 ಹಿಡದಿರ್ತಾರ ನಿಮ್ಮ ರೇಟಿನ್ಯಾಗ. ಡೀಸೆಲ್ 2,200 ಆತು, ಐದು ಮಂದಿ ಹಂಚಿದ್ರ ತಲಿಗೆ 440. ಒಟ್ಟ 2,340, ಬಾಗಲದಿಂದ ಬಾಗಲಕ್ಕ. ವಿಡಿಯೋ ಮಾಡಿಕೊಡ್ತೀನಿ 600 ಕೊಡ್ರಿ ಅಂತ ಒಬ್ಬಾಂವ ಬೆನ್ನ ಹತ್ತಿದ್ದ, ಕೊನಿಗೆ 200ಕ್ಕ ಬಂದ. ಏಜೆಂಟ್ರ ಕೂಡ ಮಾತಾಡಬ್ಯಾಡ್ರಿ, ನೇರ ಹೋಗ್ರಿ.

ಹಲ್ಲು ಹೋದವ:
ರಾಫ್ಟಿಂಗ್ ಅಂತ ನೋಡಿದ ತಕ್ಷಣ ಬರೀಲೇಬೇಕು ಅನ್ನಿಸ್ತು. ಪ್ಯಾಡಲ್ ತುದೀಲಿ ಟಿ ಆಕಾರದ ಪ್ಲಾಸ್ಟಿಕ್ ಹಿಡಿ ಇರುತ್ತಲ್ಲ, ಅದರ ಮೇಲಿಂದ ಕೈ ತೆಗೀಬೇಡಿ ಅಂತ ಗೈಡ್ ದಂಡೆಲಿ ನಿಲ್ಸಿ ಬಡ್ಕೊಂಡ್ರೂ ನನ್ನ ಮುಂದೆ ಕೂತಿದ್ದ ನಮ್ಮ ಆಫೀಸಿನ ಮಹಾನುಭಾವ ಮೊಬೈಲ್ ಪೌಚ್ ಸರಿಮಾಡ್ಕೊಳ್ತಾ ಇದ್ದ. ಎರಡನೇ ರಾಪಿಡಲ್ಲಿ (ಬಂಡೆ ಮಧ್ಯೆ ನೀರು ರಭಸವಾಗಿ ನುಗ್ಗೋ ಜಾಗ) ರಾಫ್ಟ್ ಓಲಿದ್ದೇ ತಡ ಅವನ ಹಿಡಿ ಹಾರಿ ಬಂದು ನನ್ನ ಮುಂದಿನ ಹಲ್ಲಿಗೆ. ಅರ್ಧ ಹಲ್ಲು ಕಾಳಿ ನದಿ ಪಾಲು. ಅವನಿಗೆ ಒಂದು ಗೀರೂ ಇಲ್ಲ, ದಂಡೆಗೆ ಬಂದು ಸೆಲ್ಫಿ ತಗೊಂಡ.

ಈಗ ಲೆಕ್ಕ ಕೇಳಿ. ಪ್ಯಾಕೇಜಿಗೆ ಕೊಟ್ಟಿದ್ದು 2,100. ದಾಂಡೇಲಿಲಿ ಇಂಜೆಕ್ಷನ್ ಮಾತ್ರೆ 380. ಹುಬ್ಬಳ್ಳಿಲಿ ಎಕ್ಸ್‌ರೇ 300. ಬೆಂಗಳೂರಿಗೆ ಬಂದ್ಮೇಲೆ ರೂಟ್ ಕೆನಾಲ್ 5,500. ಕ್ಯಾಪು ಮೆಟಲ್‌ದಾದ್ರೆ 4,500ಕ್ಕೆ ಮುಗೀತಿತ್ತು, ಮುಂದಿನ ಹಲ್ಲು ನಗೋವಾಗ ಕಾಣುತ್ತೆ ಅಂತ ಮನೇಲಿ ಬಿಡ್ಲಿಲ್ಲ, ಜಿರ್ಕೋನಿಯಾ 11,000. ಒಟ್ಟು ಹಲ್ಲಿಗೇ 17,180. ಇನ್ಶೂರೆನ್ಸಿನೋರು ಒಂದು ರೂಪಾಯಿ ಕೊಡ್ಲಿಲ್ಲ, ಅಡ್ವೆಂಚರ್ ಸ್ಪೋರ್ಟ್ಸ್ ಕವರ್ ಆಗಲ್ಲ ಅಂದ್ರು. ಆ ಮಹಾನುಭಾವ 'ಸಾರಿ ಬ್ರೋ' ಅಂತ ಮೆಸೇಜ್ ಹಾಕಿದ್ದ, ಅಷ್ಟೇ. ಈಗ ಅವನೇ ನಮ್ಮ ಟೀಮ್ ಲೀಡ್.

ಪಾಲಿಸಿ ಓದಿ ಸಾರ್:
ಹಲ್ಲು ಹೋದವರಿಗೆ: ನಾನು ಇದೇ ಲೈನಲ್ಲಿರೋನು. ಪಾಲಿಸಿಲಿ ಇರೋದು ಅಪಾಯಕಾರಿ ಕ್ರೀಡೆಗಳಲ್ಲಿ 'ಪ್ರೊಫೆಷನಲ್' ಆಗಿ ಭಾಗವಹಿಸಿದ್ರೆ ಕವರ್ ಇಲ್ಲ ಅಂತ. ಆ ಪಟ್ಟೀಲಿ ರಾಫ್ಟಿಂಗ್ ಹೆಸರೂ ಇದೆ ನಿಜ, ಆದ್ರೆ ರಜಕ್ಕೆ ಹೋಗಿ ಒಂದಿನ ಪ್ಯಾಡಲ್ ಹಿಡಿದೋನು ಪ್ರೊಫೆಷನಲ್ ಆಗಲ್ಲ. ನಿಮ್ಗೆ ದುಡ್ಡು ಬರದೇ ಇರೋಕೆ ಅಸಲಿ ಕಾರಣ ಅಡ್ಮಿಟ್ ಆಗಿಲ್ಲ, ಹಲ್ಲಿನ ಕೆಲಸ ಓಪಿಡಿಲಿ ಮುಗಿದಿದೆ. ಸುಮ್ನೆ ಜನಕ್ಕೆ ತಪ್ಪು ಮಾಹಿತಿ ಕೊಡಬೇಡಿ.

ಹಲ್ಲು ಹೋದವ:
ಒಂದು ಹಲ್ಲಿಗೆ ಯಾರ್ರೀ 24 ಗಂಟೆ ಅಡ್ಮಿಟ್ ಆಗ್ತಾರೆ? ಪಾಲಿಸಿ ಮಾರೋವಾಗ ಈ ತರ ಬಿಡಿಸಿ ಹೇಳಿದ್ರೆ ನಾವು ಓದ್ತಾ ಇದ್ವಿ. ನಿಮ್ಮಂಥೋರೇ ಸಹಿ ಇಲ್ಲಿ ಹಾಕಿ ಅಲ್ಲಿ ಹಾಕಿ ಅಂತ ಮುಗಿಸಿ ಹೋಗೋದು.

ಕೊಡಗಿನ ಮಳೆ:
ರಾಫ್ಟಿಂಗ್ ಮಾಡೋದಾದ್ರೆ ನಮ್ಮ ಬರಪೊಳೆಗೆ ಬನ್ನಿ. ದುಬಾರೆ ಅಲ್ಲ, ದುಬಾರೆಲಿ ಕಾವೇರಿ ಶಾಂತ, ಆನೆ ನೋಡ್ಕೊಂಡು ತೇಲೋಕೆ ಸರಿ. ಬರಪೊಳೆ ಅಂದ್ರೆ ದಕ್ಷಿಣ ಕೊಡಗಲ್ಲಿ ಕಾಡೊಳಗೆ ಜೀಪಲ್ಲಿ ಇಳಿದು, ರಾಫ್ಟ್ ಹೊತ್ಕೊಂಡು ನಡೆದು, ಗ್ರೇಡ್ ನಾಲ್ಕರ, ಅಂದ್ರೆ ಭಾರೀ ರಭಸದ ರಾಪಿಡ್. ದಾಂಡೇಲಿ ತರ ಡ್ಯಾಮಿನೋರು ನಲ್ಲಿ ತಿರುಗಿಸ್ತಾರಾ ಅಂತ ಕಾಯೋ ಕರ್ಮ ಇಲ್ಲ, ಮಳೆ ಬಂದ್ರೆ ಹೊಳೆ. ನಾನು ಜುಲೈನಲ್ಲಿ ಮಾಡಿದ್ದು, ರಾಫ್ಟ್ ಮಗುಚಿ ನೀರೊಳಗೆ ಹೋಗಿ ಬಂದೆ, ಲೈಫ್ ಜಾಕೆಟ್ಟಿನ ಕೆಳಗಿನ ಪಟ್ಟಿ ಬಿಗಿಯಾಗಿದ್ದಕ್ಕೆ ಜಾಕೆಟ್ ಮೇಲೆ ಜಾರಿ ಮುಖ ಮುಚ್ಚಲಿಲ್ಲ. ಬೆನ್ನ ಮೇಲೆ ಮಲಗಿ ಕಾಲು ಮುಂದೆ ಮಾಡ್ಕೊಂಡು ತೇಲ್ಬೇಕು, ಬಂಡೆ ಸಿಕ್ಕಿದ್ರೆ ಕಾಲಿಗೆ ಸಿಗ್ಲಿ ತಲೆಗೆ ಬೇಡ. ಅಲ್ಲಿ ಎದ್ದು ನಿಲ್ಲೋಕೆ ಹೋದೋರ ಪಾದ ಬಂಡೆ ಸಂದೀಲಿ ಸಿಕ್ಕಿದ್ರೆ ಮುಗೀತು. ಇಂಬಳ (ಜಿಗಣೆ) ಮಾತ್ರ ಕೇಳ್ಬೇಡಿ, ಸಾಕ್ಸ್ ತುಂಬಾ ರಕ್ತ. ಆದ್ರೂ ದಾಂಡೇಲಿ ಪ್ಯಾಕೇಜ್ ಟೂರಿಸ್ಟುಗಳಿಗೆ ಈ ಮಜಾ ಅರ್ಥ ಆಗಲ್ಲ.

ಗಿರ್ಮಿಟ್ ಪ್ರಿಯ:
ಅವರು ಕೇಳಿದ್ದು ನವೆಂಬರ್ರಿ ಸಾಹೇಬ್ರ. ನವೆಂಬರ್‌ನ್ಯಾಗ ನಿಮ್ಮ ಬರಪೊಳ್ಯಾಗ ರಾಫ್ಟ್ ಹೊತಗೊಂಡು ನಡಿಯೋದ ಆಕ್ಕೈತಿ, ಕೂಡೋದಿಲ್ಲ.

ಬಜೆಟ್ ಭಟ್ಟ:
ನೇರ ಹೋಗಿ ಅಂತ ಸಲಹೆ ಕೊಟ್ಟಿರೋರು ನನ್ನ ಕಥೆ ಓದಿ. ನಾವು ಆರು ಜನ, ಏಜೆಂಟ್ ಬೇಡ ಅಂತ ನೇರವಾಗಿ ಒಂದು ಕಡೆ ಫೋನಲ್ಲಿ ಬುಕ್ ಮಾಡಿ ಲಾಂಗ್ ರಾಫ್ಟಿಂಗ್‌ಗೆ 1,500ರ ಲೆಕ್ಕದಲ್ಲಿ 9,000 ಪೂರ್ತಿ ಅಡ್ವಾನ್ಸ್ ಹಾಕಿದ್ವಿ. ಬೆಳಗ್ಗೆ ಒಂಬತ್ತಕ್ಕೆ ಹೋದ್ರೆ ಹೊಳೇಲಿ ಬಂಡೆಗಳೇ ಕಾಣ್ತಿವೆ, ಇವತ್ತು ನೀರು ಬಿಟ್ಟಿಲ್ಲ ಸಾರ್, ಹನ್ನೊಂದಕ್ಕೆ ಬಿಡಬಹುದು ಅಂದ. ಹನ್ನೊಂದಾಯ್ತು. ಒಂದಾಯ್ತು. ಅಷ್ಟೊತ್ತಿಗೆ ಜೋರ್ಬಿಂಗ್ ಕ್ಯೂ ಬೆಳೆದಿತ್ತು, ಕಯಾಕ್ ಖಾಲಿ ಇರ್ಲಿಲ್ಲ. ಕೊನೆಗೆ ಮೂರು ಗಂಟೆಗೆ ಶಾರ್ಟ್ ರಾಫ್ಟಿಂಗ್ ಮಾಡಿ ಅಂದ, ಹೋಗಿ ಬರೋದ್ರೊಳಗೆ ಮುಗಿದೇ ಹೋಯ್ತು. ಅದರ ರೇಟ್ 750. ಬಾಕಿ 750 ಇಂಟು ಆರು, 4,500 ವಾಪಸ್ ಕೊಡಿ ಅಂದ್ರೆ ಮುಂದಿನ ಸಲ ಬಂದಾಗ ಅಡ್ಜಸ್ಟ್ ಮಾಡ್ತೀನಿ ಅಂತಾನೆ. ಬೆಂಗಳೂರಿಂದ ಮುಂದಿನ ಸಲ! ಆಮೇಲೆ 2,000 ಫೋನ್‌ಪೇ ಮಾಡಿದ, ಉಳಿದ 2,500 ಇವತ್ತಿಗೂ ಬಂದಿಲ್ಲ. ಜಿಎಸ್‌ಟಿ ಅಂತ 18 ಪರ್ಸೆಂಟ್ ಬೇರೆ ಹಾಕಿದ್ದ, ಬಿಲ್ ಕೇಳಿದ್ರೆ ವಿಸಿಟಿಂಗ್ ಕಾರ್ಡ್ ಹಿಂದೆ ಬರೆದು ಕೊಟ್ಟ.

ಕಾಳಿ ದಂಡೆ:
ನಾನು ಜೋಯಿಡಾ ಕಡೆಯವ. ಮೊದಲು ಒಂದು ಹೇಳ್ತೇನೆ, ನೀರು ಬಿಡೋದು ನಿಮ್ಮ ರಾಫ್ಟಿಗಲ್ಲ, ಕರೆಂಟಿಗೆ. ಸೂಪಾ ಡ್ಯಾಮ್ 101 ಮೀಟರ್ ಎತ್ತರ, ಅದರ ಬುಡದ ಪವರ್‌ಹೌಸಲ್ಲಿ 50 ಮೆಗಾವ್ಯಾಟಿನ ಎರಡು ಯೂನಿಟ್. ಯೂನಿಟ್ ಓಡಿದ್ರೆ ಗಣೇಶಗುಡಿ ಕೆಳಗೆ ಹೊಳೆ ತುಂಬ್ತದೆ, ನಿಂತ್ರೆ ಬಂಡೆ ಏಳ್ತದೆ. ಯಾವಾಗ ಓಡಿಸ್ಬೇಕು ಅನ್ನೋದು ರಾಜ್ಯದಲ್ಲಿ ಕರೆಂಟು ಎಷ್ಟು ಬೇಕು ಅನ್ನೋದರ ಮೇಲೆ. ಜೋರು ಮಳೆಗಾಲದಲ್ಲಿ ಇಲ್ಲಿ ರಾಫ್ಟಿಂಗ್ ಬಂದ್, ಮಳೆ ನಿಂತ ಮೇಲೆ ಶುರು. ಹಿಂದಿನ ದಿನ ಸಂಜೆ ಫೋನ್ ಮಾಡಿ ನಾಳೆ ಯಾವ ಹೊತ್ತಿಗೆ ನೀರು, ಇಲ್ಲದಿದ್ರೆ ದುಡ್ಡು ವಾಪಸ್ಸಾ ಅಂತ ಮೆಸೇಜಲ್ಲಿ ಬರೆಸ್ಕೊಳ್ಳಿ. ಬೇಜವಾಬ್ದಾರಿ ಜನ ಎಲ್ಲಾ ಕಡೆ ಇರ್ತಾರೆ, ಅದಕ್ಕೆ ಊರಿಗೇ ಮಸಿ ಬಳಿಯೋದು ಬೇಡ.

ಇನ್ನೊಂದು, ನೀವೆಲ್ಲಾ ದಾಂಡೇಲಿ ದಾಂಡೇಲಿ ಅಂತೀರಿ, ನೀವು ಆಡೋ ಜಾಗ ಗಣೇಶಗುಡಿ, ಜೋಯಿಡಾ ತಾಲೂಕು. ದಾಂಡೇಲಿಲಿ ಇರೋದು ಪೇಪರ್ ಮಿಲ್ಲು. ಹೆಸರೆಲ್ಲಾ ಅವರಿಗೆ, ಪ್ಲಾಸ್ಟಿಕ್ ಬಾಟ್ಲಿ ನಮಗೆ.

ಬಜೆಟ್ ಭಟ್ಟ:
ತಾಲೂಕು ಯಾವ್ದಾದ್ರೇನು ಸ್ವಾಮಿ, ನನ್ನ 2,500 ಯಾವ ತಾಲೂಕಲ್ಲಿದೆ ಅದು ಹೇಳಿ.

ಕಾಳಿ ದಂಡೆ:
ನಿಮ್ಗೆ ತಮಾಷೆ. ಹಳೇ ಸೂಪಾ ಊರೇ ಡ್ಯಾಮಿನ ನೀರಲ್ಲಿ ಮುಳುಗಿದೆ, ನಮ್ಮಜ್ಜನ ಮನೆ, ಗದ್ದೆ ಎಲ್ಲಾ ಅದರ ಕೆಳಗೇ. ಎಷ್ಟೋ ಮನೆಯವರನ್ನ ರಾಮನಗರಕ್ಕೆ ಎಬ್ಬಿಸಿ ಕಳಿಸಿದ್ರು, ನಿಮ್ಮ ಬೆಂಗಳೂರಿನ ಪಕ್ಕದ ರಾಮನಗರ ಅಲ್ಲ, ನಮ್ಮ ತಾಲೂಕಿನದು. ನಿಮ್ಮ ಬ್ರೋಷರಲ್ಲಿ ಅದೇ ನೀರು 'ಬ್ಯಾಕ್‌ವಾಟರ್ ವ್ಯೂ'. 2,500 ಹೋಗಿದ್ದಕ್ಕೆ ಇಷ್ಟುದ್ದ ಬರೆದ್ರಲ್ಲ.

ಎರಡು ಮಕ್ಕಳ ತಾಯಿ, ಮೈಸೂರು:
ಇಲ್ಲಿ ಯಾರೂ ಫಾರ್ಮ್ ಬಗ್ಗೆ ಹೇಳ್ಲಿಲ್ಲ. ರಾಫ್ಟ್ ಹತ್ತೋ ಮುಂಚೆ ಏನಾದ್ರೂ ಆದ್ರೆ ನಾವೇ ಹೊಣೆ ಅಂತ ಒಂದು ಕಾಗದಕ್ಕೆ ಸಹಿ ಹಾಕಿಸ್ಕೊಳ್ತಾರೆ, ಅದರಲ್ಲಿ ಹೃದಯದ ತೊಂದರೆ, ಬಿಪಿ, ಫಿಟ್ಸ್, ಗರ್ಭಿಣಿ ಅಂತೆಲ್ಲಾ ಕಾಲಂ ಇತ್ತು. ನಮ್ಮ ಮಾವನೋರಿಗೆ ಬಿಪಿ ಇದೆ, 'ಇಲ್ಲ' ಅಂತ ಟಿಕ್ ಹಾಕೋಕೆ ಹೋದ್ರು, ನಾನು ಕೈಯಿಂದ ಪೆನ್ನು ತಗೊಂಡೆ. ಎಲ್ಲರ ಮುಂದೆ. ಮುಖ ಊದಿಸ್ಕೊಂಡು ಬ್ಯಾಗ್ ಕಾಯ್ತಾ ದಂಡೇಲಿ ಕೂತ್ರು, ಮಂಗಟ್ಟೆ ಹಕ್ಕಿ ಜೋಡಿ ನೋಡಿದ್ರಂತೆ, ಅದನ್ನೂ ನಮಗೆ ಹೇಳದೆ ಹೋಟೆಲ್ ಹುಡುಗನ ಹತ್ರ ಹೇಳಿದ್ರು. ನಮ್ಮ ನಾದಿನಿ ಇವತ್ತಿಗೂ 'ಅಪ್ಪನ ಮರ್ಯಾದೆ ತೆಗೆದ್ಲು' ಅಂತಾಳೆ. ತೆಗೆದೆ, ಏನೀಗ? ಆ ದಿನ ಇನ್ನೊಂದು ಗುಂಪಿನ ಹಿರಿಯರೊಬ್ಬರು ಅರ್ಧ ದಾರೀಲಿ ಎದೆ ಹಿಡ್ಕೊಂಡು, ಮಧ್ಯೆ ಇಳಿಸೋಕೆ ರಸ್ತೆನೇ ಇಲ್ಲ, ಎರಡೂ ಕಡೆ ಕಾಡು. ಅವರಿಗೆ ಬರೀ ಗಾಬರಿ ಆಗಿತ್ತಂತೆ, ಆದ್ರೆ ಆ ಮಕ್ಕಳ ಮುಖ ನಾನು ನೋಡಿದ್ದೀನಿ. ದೊಡ್ಡ ಮಗನಿಗೆ 12, ಲಾಂಗ್‌ಗೆ 14 ಆಗಿರ್ಬೇಕು ಅಂದ್ರು, ಅವನು ಅತ್ತುಬಿಟ್ಟ. ಪಕ್ಕದ ಕಡೆಯವನು ಯಾವ ವಯಸ್ಸಾದ್ರೂ ನಡೆಯುತ್ತೆ ಬನ್ನಿ ಅಂದ, ನಾವು ಹೋಗ್ಲಿಲ್ಲ. 2022ರಲ್ಲಿ ಗಣೇಶಗುಡೀಲಿ ಮಕ್ಕಳಿದ್ದ ರಾಫ್ಟು ಓವರ್‌ಲೋಡ್ ಆಗಿ ಸಿಕ್ಕಿಕೊಂಡಿದ್ದು ಎಲ್ಲರೂ ವಿಡಿಯೋ ನೋಡಿದ್ದೀರಲ್ಲ, ಆಮೇಲೆ ಕೆಲಕಾಲ ವಾಟರ್ ಸ್ಪೋರ್ಟ್ಸನ್ನೇ ನಿಲ್ಲಿಸಿದ್ರು.

ಕೊಡಗಿನ ಮಳೆ:
ಮೇಡಂ, ಹಿರಿಯರ ಕೈಯಿಂದ ಪೆನ್ನು ಕಿತ್ಕೊಳ್ಳೋದು ಸರಿಯಲ್ಲ. ಅವರ ದೇಹ ಅವರಿಗೆ ಗೊತ್ತಿರುತ್ತೆ. ನಮ್ಮ ದೊಡ್ಡಪ್ಪ 67ಕ್ಕೆ ಬೆಟ್ಟ ಹತ್ತಿ ಜೇನು ಕೀಳ್ತಾರೆ.

ಎರಡು ಮಕ್ಕಳ ತಾಯಿ, ಮೈಸೂರು:
ನಿಮ್ಮ ದೊಡ್ಡಪ್ಪನಿಗೆ ಏನಾದ್ರೂ ಆದ್ರೆ ಆಸ್ಪತ್ರೇಲಿ ರಾತ್ರಿ ಕೂರೋದು ನಿಮ್ಮ ದೊಡ್ಡಮ್ಮ, ನೀವಲ್ಲ. ಅವರನ್ನ ಕೇಳಿ ಆಮೇಲೆ ಬನ್ನಿ.

ಕುಡ್ಲದ ಅಳಿಯ:
ಎಂತ ಮಾರಾಯ್ರೆ, ಎಲ್ಲರೂ ನೀರಿಂದೇ ಮಾತಾಡ್ತೀರಿ, ವಾಪಸ್ ಬರುವ ಕಥೆ ಯಾರಿಗೂ ಬೇಡ. ಒಂದೇ ದಿನದಲ್ಲಿ ಎಲ್ಲ ಮುಗಿಸ್ಲಿಕ್ಕೆ ಉಂಟಲ್ಲ, ಅದು ಕಾಗದದಲ್ಲಿ ಮಾತ್ರ. ನಮ್ಮ ರಾಫ್ಟಿಂಗ್ ಮುಗಿಯುವಾಗಲೇ ಎರಡೂವರೆ, ಊಟ ಮೂರೂವರೆಗೆ, ಜಿಪ್‌ಲೈನ್ ಕ್ಯೂನಲ್ಲಿ ಒದ್ದೆ ಚಡ್ಡಿಯಲ್ಲಿ ಒಂದು ಗಂಟೆ, ತೊಡೆ ಸಂದಿಯಲ್ಲಿ ಹಾರ್ನೆಸ್ ಪಟ್ಟಿ ಉಜ್ಜಿ ಉಜ್ಜಿ ಚರ್ಮ ಹೋಗಿತ್ತು. ಜಿಪ್‌ಲೈನಿನಲ್ಲಿ ಹೋದದ್ದು ಎಷ್ಟು ಹೊತ್ತು, ಕಣ್ಣು ಮುಚ್ಚಿ ತೆರೆಯುವಷ್ಟು. ಬಟ್ಟೆ ಬದಲಿಸುವ ರೂಮಿಗೆ ಪುನಃ 100. ದಾಂಡೇಲಿಗೆ ಬರುವಾಗ ಬೆಂಗಳೂರಿನ ಬಸ್ಸು ಹೋಗಿ ಆಗಿತ್ತು. ಟ್ಯಾಕ್ಸಿ ಮಾಡಿ ಹುಬ್ಬಳ್ಳಿಗೆ 3,200, ಅಲ್ಲಿಂದ ಸ್ಲೀಪರ್ ಬಸ್ ಶನಿವಾರದ ರೇಟು ತಲೆಗೆ 1,350, ಮೂವರಿಗೆ 4,050. ಒಂದು ರೂಮ್ ಮಾಡಿದ್ರೆ 2,500ರಲ್ಲಿ ಮುಗಿಯುತ್ತಿತ್ತು. ಭಾವನಿಗೆ ಸೋಮವಾರ ಆಫೀಸ್ ಅಂತೆ, ಅದಕ್ಕೆ ಈ ಅವಸ್ಥೆ. ಸೋಮವಾರ ಅವರು ಸಿಕ್ ಲೀವ್ ಹಾಕಿದ್ರು.

ರಾಜಾಜಿನಗರ ಗೃಹಸ್ಥ:
ಎಲ್ರಿಗೂ ಥ್ಯಾಂಕ್ಸ್. ಹಾಗಾದ್ರೆ ಮಗಳಿಗೆ ಶಾರ್ಟ್ ರಾಫ್ಟಿಂಗ್ ಮಾತ್ರ ಕೇಳ್ತೀನಿ, ಅಪ್ಪನ್ನ ಹತ್ತಿಸಲ್ಲ, ರಾತ್ರಿ ಉಳ್ಕೊಳ್ಳೋದು ಯೋಚಿಸ್ತೀನಿ. ಕಯಾಕ್‌ನಾದ್ರೂ ಅಪ್ಪ ಮಾಡಬಹುದಾ?

ಗಿರ್ಮಿಟ್ ಪ್ರಿಯ:
ಭಟ್ರ, ನೀವು ಅಡ್ವಾನ್ಸ್ ಪೂರಾ ಯಾಕ ಹಾಕಿದ್ರಿ? ನಾನು ಎಲ್ಲೆ ಹೇಳೇನಿ ಪೂರಾ ಹಾಕ್ರಿ ಅಂತ? ನೇರ ಹೋಗ್ರಿ ಅಂದ್ರ ಹೊಳಿ ನೋಡಿ, ನೀರು ನೋಡಿ, ಆಮ್ಯಾಲ ರೊಕ್ಕ ಕೊಡ್ರಿ ಅಂತ.

ಬಜೆಟ್ ಭಟ್ಟ:
75 ಕಿಲೋಮೀಟರ್ ದೂರದಲ್ಲಿರೋರಿಗೆ ಹೊಳೆ ನೋಡಿ ಬೇಡ ಅಂದ್ರೆ ಸಂಜೆಗೆ ಮನೇಲಿ ಇರಬಹುದು. ನಾವು 460 ದಾಟಿ ಬಂದು ನೀರು ನೋಡಿ ವಾಪಸ್ ಹೋಗೋಕಾಗುತ್ತಾ? ಶನಿವಾರ ಬುಕ್ಕಿಂಗ್ ಇಲ್ಲದೆ ಹೋಗಿ ನೋಡಿ ಯಾರು ರಾಫ್ಟ್ ಕೊಡ್ತಾರೆ. ನಿಮ್ಮ ಲೆಕ್ಕದಲ್ಲಿ ರೊಟ್ಟಿ ಮಾಡಿದ ಮನೆಯೋರ ಕೂಲಿ, ಕಾರ್ ಸವೆತ ಎಲ್ಲಾ ಬಿಟ್ಟು 2,340 ಅಂದ್ರಿ. ಅದು ಸೇರಿಸಿದ್ರೆ ಅವರ 2,450ಕ್ಕಿಂತ ಜಾಸ್ತೀನೇ ಆಗೋದು.

ಗಿರ್ಮಿಟ್ ಪ್ರಿಯ:
ರೊಟ್ಟಿ ನಾನ ಬಡದಿದ್ದು.

ಹಲ್ಲು ಹೋದವ:
ಪಾಲಿಸಿ ಸಾರ್ ಉತ್ತರನೇ ಕೊಡ್ಲಿಲ್ಲ. ನಿರಾಕರಣೆ ಪತ್ರದ ಫೋಟೋ ನನ್ನ ಹತ್ರ ಇದೆ, ಕಂಪನಿ ಹೆಸರು ಮುಚ್ಚಿ ಹಾಕ್ತೀನಿ. ಅದರಲ್ಲಿ ಓಪಿಡಿ ಅಂತ ಒಂದಕ್ಷರ ಇಲ್ಲ, ಅಡ್ವೆಂಚರ್ ಅಂತಲೇ ಬರೆದಿದ್ದಾರೆ.

ಪಾಲಿಸಿ ಓದಿ ಸಾರ್:
ಹಾಕಿ, ನೋಡೋಣ. ಹಾಗೇ ಬರೆದಿದ್ರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೀರಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ (ಕಂಪನಿ ಮೇಲಿನ ದೂರು ಕೇಳೋ ಅಧಿಕಾರಿ) ಹೋಗಿ, ಬೆಂಗಳೂರಲ್ಲೇ ಆಫೀಸ್ ಇದೆ, ಫೀಸ್ ಇಲ್ಲ. ಆದ್ರೆ ಓಪಿಡಿ ಅಂತ ಅವರು ಅಲ್ಲಿ ಹೇಳೇ ಹೇಳ್ತಾರೆ, ಆಗ ನನ್ನ ಬೈಬೇಡಿ.