ಆವರ್ತವೋ, ಆವರ್ತನವೋ? ನಾಳೆ ಬೆಳಿಗ್ಗೆ ಗೋಡೆಗೆ ಬರೆಸಬೇಕು

ಲಿಂಗಸೂಗೂರು ತಾಲೂಕಿನಿಂದ, ಮಧ್ಯಾಹ್ನ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಬಿಸಿಯೂಟದ ಕೋಣೆಯ ಪಕ್ಕದ ಗೋಡೆಗೆ 118 ಧಾತುಗಳ ಪಟ್ಟಿ, ಅಂದರೆ ಇಂಗ್ಲಿಷಿನ ಪೀರಿಯಾಡಿಕ್ ಟೇಬಲ್, ಬರೆಸುತ್ತಿದ್ದೇವೆ. ಒಂದೊಂದು ಮನೆ 9 ಇಂಚು, 18 ಕಂಬಸಾಲು, ಅಲ್ಲಿಗೆ ಹದಿಮೂರೂವರೆ ಅಡಿ. ಗೋಡೆ ಇರುವುದೇ 14. ಗೆರೆ ಹೊಡೆದಾಗಿದೆ, ತಲೆಬರಹ ಬರೆಯಲು ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ.

ಆವರ್ತ ಕೋಷ್ಟಕ, ಆವರ್ತನ ಕೋಷ್ಟಕ, ಆವರ್ತಕ ಕೋಷ್ಟಕ, ಮೂರನ್ನೂ ಓದಿದ್ದೇನೆ. ಪಾಠದ ಹೆಸರು ನೋಡಿದರೆ 'ಆವರ್ತನೀಯ ವರ್ಗೀಕರಣ'. ಯಾವುದು ಸರಿ? ಇದು ಸಾಲದೆಂದು ಪೇಂಟರ್ ಬೇರೆ ಕೇಳಿದ: "ಮೇಡಮ್ಮಾರ, ಷಕಾರದ ಒತ್ತಿನ್ಯಾಗ ಚುಕ್ಕಿ ಇಡ್ಲೋ ಬ್ಯಾಡೋ?" ಅಂದರೆ ಕೋಷ್ಟಕವೋ ಕೋಷ್ಠಕವೋ.

ಇನ್ನೆರಡು ಇವೆ. 79ನೆಯ ಮನೆಗೆ ಚಿನ್ನ ಎಂದು ಬರೆಸಲೋ, ಬಂಗಾರ ಎಂದೋ? ಹಟ್ಟಿ ಗಣಿಗೆ ದುಡಿಯಲು ಹೋಗುವವರ ಮಕ್ಕಳು ನಮ್ಮಲ್ಲಿದ್ದಾರೆ, ಅವರ ಬಾಯಲ್ಲಿ ಚಿನ್ನ ಎಂಬ ಮಾತೇ ಬರುವುದಿಲ್ಲ. ಕೊನೆಯ ಕಂಬಸಾಲು ಜಡಾನಿಲವೋ ರಾಜಾನಿಲವೋ? ದಯವಿಟ್ಟು ಇವತ್ತು ರಾತ್ರಿಯೊಳಗೆ ತಿಳಿಸಿ.

ಕೊಪ್ಪಳದಿಂದ

ಕೋಷ್ಠಕ. ಚುಕ್ಕಿ ಇಡಲೇಬೇಕು. ಕೋಷ್ಠ ಎಂದರೆ ಕಾಳು ತುಂಬುವ ಕಣಜ, ಒಳಮನೆ. ಹೊಟ್ಟೆಗೂ ಅದೇ ಹೆಸರು. ನೀವು ಕೂತು ಪಾಠ ಹೇಳುವ ಕೊಠಡಿ ಅದರ ಮೊಮ್ಮಗ. ದನದ ಕೊಟ್ಟಿಗೆಯೂ ಅದೇ ಮನೆತನದ್ದು ಎಂದು ನಾನು ಮೊದಲಿಂದಲೂ ಹೇಳುತ್ತ ಬಂದಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಹಗೇವಿನಲ್ಲಿ ಜೋಳ ಇದ್ದ ಹಾಗೆ ಕೋಷ್ಠದಲ್ಲಿ ಧಾತು. ಠಕಾರ ಬಿಟ್ಟರೆ ಈ ನಂಟೇ ಹರಿದುಹೋಗುತ್ತದೆ.

ಬಳ್ಳಾರಿಯಿಂದ

ಕೊಟ್ಟಿಗೆ ಅಚ್ಚಗನ್ನಡ. ಅದನ್ನು ಸಂಸ್ಕೃತದ ಗೂಟಕ್ಕೆ ಕಟ್ಟುವುದನ್ನು ಇನ್ನಾದರೂ ಬಿಡಿ. ಕೋಷ್ಟಕದ ಠಕಾರವನ್ನು ಜನ ಎಂದೋ ಕೈಬಿಟ್ಟಿದ್ದಾರೆ, ಅಲ್ಲಿಗೆ ಆ ಮಾತು ಮುಗಿಯಿತು.

ಆವರ್ತ ಎಂದರೆ ಹೊಳೆಯ ಸುಳಿ. ಮಕ್ಕಳನ್ನು ಅದರೊಳಗೆ ಏಕೆ ನೂಕುತ್ತೀರಿ? 'ಮರುಕಳಿಕೆ ಪಟ್ಟಿ' ಎಂದು ಬರೆಸಿ. ಧಾತುವೂ ಬೇಡ. ಕನ್ನಡದ ಪಿರಿಯಡ್ಡಿನಲ್ಲಿ ಧಾತು ಎಂದರೆ ಕ್ರಿಯಾಪದದ ಬೇರು, ಗಂಟೆ ಹೊಡೆದು ಮುಂದಿನ ಪಿರಿಯಡ್ಡು ಬಂದರೆ ಅದೇ ಧಾತು ಸೋಡಿಯಂ! ಹಿಂದಿಯಲ್ಲಂತೂ ಧಾತು ಎಂದರೆ ಲೋಹ. ಸಾಲ ತಂದ ಮಾತಿನ ಹಣೆಬರಹ ಇಷ್ಟೇ.

ರಾಯಚೂರಿನಿಂದ

ಮರುಕಳಿಸುವುದು ಜ್ವರ.

ಲಿಂಗಸೂಗೂರಿನಿಂದ

ಸರ್, ಧಾತುವಿನ ಬಗ್ಗೆ ನೀವು ಹೇಳಿದ್ದು ನಿಜ. ಹೋದ ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಓಡು, ಮಾಡು, ಇವು ಎಷ್ಟನೇ ಗುಂಪಿನಾಗ ಬರ್ತಾವ್ರೀ?" ಎಂದು ಕೇಳಿದಳು. ಕ್ಲಾಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಪುಸ್ತಕದಲ್ಲಿ, ಪ್ರಶ್ನೆಪತ್ರಿಕೆಯಲ್ಲಿ ಧಾತುವೇ ಇದೆ. ಗೋಡೆಯ ಮೇಲೆ ಬೇರೆ ಬರೆಸಲಾರೆ. ತಲೆಬರಹ ಹೇಳಿ.

ಗಂಗಾವತಿಯಿಂದ

ನಾನು ಭಜನೆಗೆ ತಬಲಾ ಬಾರಿಸುವವನು, ವ್ಯಾಕರಣ ನನ್ನ ಕಸುಬಲ್ಲ. ಆದರೂ 'ಸುಳಿ' ಎಂದದ್ದು ಓದಿ ಸುಮ್ಮನಿರಲಾಗಲಿಲ್ಲ. ತಾಳದಲ್ಲಿ ಒಂದು ಸುತ್ತು ಮುಗಿದು ಸಮಕ್ಕೆ, ಅಂದರೆ ಮೊದಲ ಏಟಿಗೆ, ಬಂದರೆ ಅದು ಒಂದು ಆವರ್ತನ. ಕೆಹರ್ವಾ ಎಂಟು ಮಾತ್ರೆ, ಒಂಬತ್ತನೆಯ ಏಟು ಮತ್ತೆ ಸಮ. ಲಿಥಿಯಂ 3, ಅಲ್ಲಿಂದ ಎಂಟು ಎಣಿಸಿದರೆ ಸೋಡಿಯಂ 11, ಮತ್ತೆ ಎಂಟಕ್ಕೆ ಪೊಟ್ಯಾಸಿಯಂ 19. ಮೂರೂ ನೀರಿಗೆ ಬಿದ್ದರೆ ಒಂದೇ ಗುಣ ತೋರಿಸುತ್ತವೆ. ಮುಂದೆ ಆವರ್ತನ 18ಕ್ಕೆ, 32ಕ್ಕೆ ಬೆಳೆಯುತ್ತದೆ, ಠೇಕಾ ಬದಲಾದ ಹಾಗೆ. ಮಕ್ಕಳಿಗೆ ಚಪ್ಪಾಳೆ ತಟ್ಟಿಸಿ ಹೇಳಿಕೊಡಿ ಅಕ್ಕಾರ. ಇದಕ್ಕಿಂತ ಒಳ್ಳೆಯ ಮಾತು ಎಲ್ಲಿ ಸಿಗುತ್ತದೆ?

ರಾಯಚೂರಿನಿಂದ

ತಬಲಾದವರು ಹೇಳಿದ್ದು ಚೆನ್ನಾಗಿದೆ. ಈಗ ಕೆಲಸದ ಮಾತು. ಆವರ್ತನ ಎಂದರೆ ಮತ್ತೆ ಮತ್ತೆ ಬರುವ ಕ್ರಿಯೆ, ಆವರ್ತ ಎಂದರೆ ಒಂದು ಸುತ್ತು. ಆಂಧ್ರ, ತೆಲಂಗಾಣದವರು ಆವರ್ತನ ಪಟ್ಟಿಕ ಅನ್ನುತ್ತಾರೆ, ಹಿಂದಿಯವರು ಆವರ್ತ ಸಾರಣಿ. ಎರಡೂ ನಡೆಯುತ್ತವೆ. ನಿಮ್ಮ ಏಳು ಅಡ್ಡಸಾಲುಗಳನ್ನು ಆವರ್ತ ಎಂದೇ ಕರೆಯುವುದರಿಂದ 'ಆವರ್ತ ಕೋಷ್ಟಕ' ಹೊಂದುತ್ತದೆ, ಒಂದು ಅಕ್ಷರವೂ ಉಳಿಯುತ್ತದೆ. ಆವರ್ತಕ ಬೇಡ, ಪಟ್ಟಿಯೇ ಗಿರಗಿರ ತಿರುಗುತ್ತದೆ ಎಂದಂತಾಗುತ್ತದೆ. ಚುಕ್ಕಿ: ಸಂಸ್ಕೃತದಲ್ಲಿ ಠ, ಕನ್ನಡದಲ್ಲಿ ರೂಢಿಯಾದದ್ದು ಟ. ಬರೆಸುತ್ತಿರುವುದು ಕನ್ನಡದಲ್ಲಿ.

ಬಳ್ಳಾರಿಯಿಂದ

ರೂಢಿ, ರೂಢಿ! ಸೋಮಾರಿಗಳ ಶಾಸ್ತ್ರ. ಆಕ್ಸಿಜನ್ ಕೂಡ ರೂಢಿಯಾಯಿತು, ಆಮ್ಲಜನಕ ಪುಸ್ತಕದಿಂದ ಓಡಿಹೋಯಿತು. ಯಾರಿಗಾದರೂ ನೋವಾಯಿತೇ?

ಸಂಡೂರಿನಿಂದ

ಹೋಗಲಿ ಬಿಡಿ, ಒಳ್ಳೆಯದೇ ಆಯಿತು. ಆಮ್ಲವೆಲ್ಲ ಇದರಿಂದಲೇ ಹುಟ್ಟುತ್ತದೆ ಎಂದು ತಿಳಿದು ಫ್ರಾನ್ಸಿನ ವಿಜ್ಞಾನಿ ಲವಾಸಿಯೆ ಗ್ರೀಕಿನಿಂದ ಆಕ್ಸಿಜನ್ ಎಂಬ ಹೆಸರು ಕಟ್ಟಿದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನಿನ ಸುಳಿವೇ ಇಲ್ಲ. ನಾವು ಹೆಸರಿನ ಜೊತೆ ಆತನ ತಪ್ಪನ್ನೂ ಅನುವಾದ ಮಾಡಿಕೊಂಡೆವು. ಆಕ್ಸಿಜನ್ ಎಂದರೆ ಹುಡುಗರಿಗೆ ಬರೀ ಹೆಸರು, ಆಮ್ಲಜನಕ ಎಂದರೆ ಸುಳ್ಳು ಪಾಠ. ಜಡಾನಿಲದ್ದೂ ಇದೇ ಕತೆ, ಯಾವುದರ ಜೊತೆಗೂ ಸೇರುವುದಿಲ್ಲ ಎಂದು ತಿಳಿದು ಇಟ್ಟ ಹೆಸರು. 1962ರಲ್ಲಿ ನೀಲ್ ಬಾರ್ಟ್ಲೆಟ್ ಅದೇ ಕಂಬಸಾಲಿನ ಝೆನಾನ್ ಸೇರಿದ ಸಂಯುಕ್ತ ಮಾಡಿ ತೋರಿಸಿದ ಮೇಲೆ ಅದನ್ನು ಜಡ ಅನ್ನುವುದು ಹೇಗೆ?

ಇನ್ನು ಸಾಲದ ಮಾತು. ಮೆಂಡಲೀವ್ 1869ರಲ್ಲಿ ಪಟ್ಟಿ ಮಾಡಿದಾಗ ಗೊತ್ತಿದ್ದ ಧಾತುಗಳು 63. ಕೆಲವು ಮನೆ ಖಾಲಿ ಬಿಟ್ಟ. ಅಲ್ಲಿ ಬರಬೇಕಾದವಕ್ಕೆ ಆಮೇಲೆ ಆತ ಇಟ್ಟ ಹೆಸರು ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್. ಸಂಸ್ಕೃತದ 'ಏಕ'ವೇ. ರಷ್ಯದವನಿಗೆ ಇಲ್ಲದ ನಾಚಿಕೆ ನಮಗೇಕೆ?

ಬಳ್ಳಾರಿಯಿಂದ

1875ರಲ್ಲಿ ಗ್ಯಾಲಿಯಂ ಸಿಕ್ಕಿತು, 1886ರಲ್ಲಿ ಜರ್ಮೇನಿಯಂ ಸಿಕ್ಕಿತು, 'ಏಕ' ಎರಡು ಮನೆಯಿಂದಲೂ ಹೊರಗೆ ಹೋಯಿತು. ಅವರು ಸಾಲ ತೀರಿಸಿದರು. ನಾವು ಬಡ್ಡಿ ಕಟ್ಟುತ್ತಿದ್ದೇವೆ.

ಕೊಪ್ಪಳದಿಂದ

ಕೊಟ್ಟಿಗೆ ಅಚ್ಚಗನ್ನಡ ಎಂದಿರಲ್ಲ, ಆಧಾರ ಕೊಡಿ. ಕಾಯುತ್ತಿದ್ದೇನೆ.

ಲಿಂಗಸೂಗೂರಿನಿಂದ, ಮರುದಿನ ಸಂಜೆ

ಎಲ್ಲರಿಗೂ ಉಪಕಾರ. 'ಆವರ್ತ ಕೋಷ್ಟಕ' ಬರೆಸಿದೆ, ಚುಕ್ಕಿ ಇಲ್ಲದೆ. 79ಕ್ಕೆ ಬಂಗಾರ. ಅದೊಂದೇ ಮನೆಗೆ ಪೇಂಟರ್ ನನ್ನನ್ನು ಕೇಳದೆ ಹಳದಿ ಬಳಿದಿದ್ದಾನೆ, ಇರಲಿ ಎಂದೆ. ಮಧ್ಯಾಹ್ನ ತಾಟು ಹಿಡಿದು ಸಾಲಿನಲ್ಲಿ ನಿಂತ ಹುಡುಗರು ಆಗಲೇ 'ನಿಂದು ಎಷ್ಟನೇ ಮನಿ?' ಎಂದು ಚೌಕಾಬಾರದ ಲೆಕ್ಕದಲ್ಲಿ ಮಾತಾಡುತ್ತಿದ್ದರು. ಮನೆ ಎನ್ನುವ ಮಾತನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೊನೆಯ ಕಂಬಸಾಲಿನ ತಲೆ ಇನ್ನೂ ಖಾಲಿ ಇದೆ. ಜಡ ಬೇಡ ಎನ್ನುವುದು ಗೊತ್ತಾಯಿತು. ರಾಜಾನಿಲವೋ, ಶ್ರೇಷ್ಠಾನಿಲವೋ? ಪೇಂಟರ್ ಸೋಮವಾರ ಬರುತ್ತಾನೆ.