ಸ್ಕಮಿಂಗ್, ಟಿಂಟಿಂಗ್, ಗ್ಲೇಜಿಂಗ್: ತೇವದ ರೋಲರಿನ ದೋಷಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಬಳ್ಳಾರಿಯ ಒಂದು ಆಫ್‌ಸೆಟ್ ಮುದ್ರಣಾಲಯದವರು, ಅಚ್ಚಿನ ಪ್ಲೇಟಿನ ಖಾಲಿ ಭಾಗಕ್ಕೆ ಶಾಯಿ ಅಂಟದಂತೆ ರೋಲರುಗಳು ಹಚ್ಚುವ ತೇವದ ನೀರಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸುವುದನ್ನು ನಿಲ್ಲಿಸಿದ್ದಾರೆ. ಆ ಬಳಿಕ ತೇವದ ರೋಲರುಗಳಲ್ಲಿ ಕಾಣಿಸಿಕೊಳ್ಳುವ ದೋಷಗಳನ್ನು ಗುರುತಿಸಿ ಸರಿಪಡಿಸುವ ಬಗೆಯನ್ನು ನಾಲ್ಕು ಪುಟಗಳಲ್ಲಿ ಕನ್ನಡದಲ್ಲಿ ಬರೆದುಕೊಡಬೇಕೆಂದು ನನ್ನನ್ನು ಕೇಳಿದ್ದಾರೆ. ಬರೆಯಲು ಕುಳಿತಾಗ ವಿಷಯಕ್ಕಿಂತ ಪದಗಳೇ ಹೆಚ್ಚು ಕಾಡಿದವು. ಆದ್ದರಿಂದ ಈ ವಿಚಾರಣೆ.

ಆಲ್ಕೊಹಾಲಿನ ವಿಷಯ ಬೇಗ ಮುಗಿಯಿತು. ನಿಘಂಟಿನ ದಾರಿ ಹಿಡಿದು 'ಮದ್ಯಸಾರರಹಿತ ಮುದ್ರಣ' ಎಂದು ಬರೆದು ಯಂತ್ರದ ಬಳಿ ಓದಿದೆ. "ನಾವು ಮೊದಲಿಂದಲೂ ಕುಡೀದs ಪ್ರಿಂಟ್ ಹೊಡೀತೀವಲ್ರಿ" ಎಂದು ಒಬ್ಬರು ನಕ್ಕರು. ಅಲ್ಲಿ ಅದಕ್ಕೆ ಐಪಿಎ ಎಂದೋ ಸ್ಪಿರಿಟ್ ಎಂದೋ ಹೆಸರು. 'ಐಪಿಎ ಬಳಸದ ಮುದ್ರಣ' ಎಂದು ತಿದ್ದಿದೆ. ಹಾಗೆಯೇ 'ಫೌಂಟನ್ ಸೊಲ್ಯೂಷನ್' ಎಂಬುದನ್ನು 'ಕಾರಂಜಿ ದ್ರಾವಣ' ಎಂದು ಯಾರೋ ಅನುವಾದಿಸಿದ್ದ ಹಾಳೆಯೊಂದು ಕೈಗೆ ಸಿಕ್ಕಿತ್ತು. ಇಲ್ಲಿ ಫೌಂಟನ್ ಎಂದರೆ ಚಿಮ್ಮುವ ನೀರಲ್ಲ, ರೋಲರಿನ ಕೆಳಗಿನ ತೊಟ್ಟಿ. 'ತೇವದ ನೀರು' ಎಂದರೆ ಸಾಕು. ಅದೇ ಹಾಳೆಯಲ್ಲಿ 'ಫಾರ್ಮ್ ರೋಲರ್' ಎಂಬುದು 'ನಮೂನೆ ಉರುಳೆ' ಆಗಿತ್ತು. ಆ ಫಾರ್ಮ್ ಎಂಬುದು ಅಕ್ಷರದ ಮೊಳೆಗಳನ್ನು ಜೋಡಿಸಿ ಬಿಗಿದ ಚೌಕಟ್ಟಿಗೆ ಹಿಂದೆ ಇದ್ದ ಹೆಸರು. ಈಗ ಆ ಜಾಗದಲ್ಲಿ ಪ್ಲೇಟು ಇರುವುದರಿಂದ 'ಪ್ಲೇಟಿಗೆ ತಾಗುವ ರೋಲರ್' ಎಂದು ಬಿಡಿಸಿ ಬರೆದಿದ್ದೇನೆ.

ನನ್ನ ನಿಜವಾದ ತೊಡಕು ದೋಷಗಳ ಹೆಸರುಗಳದ್ದು. ಹಾಳೆಯ ಮೇಲೆ ಬೆಳ್ಳಗೆ ಉಳಿಯಬೇಕಾದ ಜಾಗದಲ್ಲಿ ಬಣ್ಣ ಕಂಡರೆ, ಕಾರಣ ಯಾವುದೇ ಇರಲಿ, ಯಂತ್ರ ನಡೆಸುವವರು "ಪ್ಲೇಟು ಮಾಸಾಕ ಹತ್ತೈತ್ರಿ" ಎಂಬ ಒಂದೇ ಮಾತು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಕಮಿಂಗ್, ಟಿಂಟಿಂಗ್, ಡ್ರೈ ಅಪ್ ಎಂದು ಮೂರು ಹೆಸರುಗಳಿವೆ, ಮತ್ತು ಈ ಮೂರಕ್ಕೂ ಮಾಡಬೇಕಾದ ಉಪಾಯ ಬೇರೆ ಬೇರೆ. ಮೊದಲ ಕರಡಿನಲ್ಲಿ ನಾನೂ 'ಪ್ಲೇಟು ಮಾಸಿದರೆ ನೀರು ಹೆಚ್ಚಿಸಿ' ಎಂದು ಒಂದೇ ಸಾಲಿನಲ್ಲಿ ಬರೆದಿದ್ದೆ. ಜೀನ್ಸ್ ಪ್ಯಾಂಟಿಗೆ ಕಟ್ಟುವ ಟ್ಯಾಗುಗಳನ್ನು ಆರ್ಟ್ ಕಾರ್ಡಿನ ಮೇಲೆ ಅಚ್ಚು ಹಾಕುತ್ತಿದ್ದಾಗ ಬಿಳಿಯ ಅಂಚಿನುದ್ದಕ್ಕೂ ತಿಳಿನೀಲಿ ಕಾಣಿಸಿಕೊಂಡಿತು. ನನ್ನ ಸಾಲನ್ನು ನಂಬಿ ನೀರು ಹೆಚ್ಚಿಸಿದರು, ನೀಲಿಯೂ ಹೆಚ್ಚಿತು, ಒಂದು ಇಡೀ ಕಟ್ಟು ರದ್ದಿಗೆ ಹೋಯಿತು. ತಪ್ಪು ಯಂತ್ರದ್ದಲ್ಲ, ನನ್ನ ಪದದ್ದು.

ಆ ದಿನ ಹಿರಿಯ ಮೆಷಿನ್‌ಮನ್ ಒಬ್ಬರು ಯಂತ್ರ ನಿಲ್ಲಿಸಿ, ಒದ್ದೆ ಸ್ಪಂಜಿನಿಂದ ಪ್ಲೇಟಿನ ಖಾಲಿ ಭಾಗವನ್ನು ಒಮ್ಮೆ ಒರೆಸಿ ತೋರಿಸಿದರು. ನೀಲಿ ತಟ್ಟನೆ ಹೋಯಿತು. ಯಂತ್ರ ಓಡಿಸಿದೊಡನೆ ಮತ್ತೆ ಬಂತು. ಅಂದರೆ ಶಾಯಿ ಪ್ಲೇಟಿಗೆ ಅಂಟಿರಲಿಲ್ಲ, ಸಣ್ಣ ಕಣಗಳಾಗಿ ತೇವದ ನೀರಿನಲ್ಲಿ ಬೆರೆತು ಹರಡುತ್ತಿತ್ತು. ಇದು ಟಿಂಟಿಂಗ್. ಹಾಗೆ ಒರೆಸಿದರೂ ಹೋಗದೆ ಕಚ್ಚಿಕೊಂಡಿದ್ದರೆ ಅದು ಸ್ಕಮಿಂಗ್. ಖಾಲಿ ಭಾಗವು ನೀರನ್ನು ಹಿಡಿದಿಡುವ ಗುಣವನ್ನೇ ಕಳೆದುಕೊಂಡಿರುತ್ತದೆ, ಅದನ್ನು ತೊಳೆದು ಗೋಂದು ಹಚ್ಚಬೇಕಾಗುತ್ತದೆ. ನೀರು ಸ್ವಲ್ಪ ಹೆಚ್ಚಿಸಿದಾಗ ಕೆಲವೇ ಹಾಳೆಗಳಲ್ಲಿ ತಾನಾಗಿ ತಿಳಿಯಾದರೆ ಅದು ಡ್ರೈ ಅಪ್.

ನನ್ನ ಸಲಹೆಗಳು ಇವು. ಡ್ರೈ ಅಪ್ ಎಂಬುದಕ್ಕೆ 'ಪಸೆ ಆರುವುದು'. ಗಂಟಲ ಪಸೆ ಆರಿತು ಎಂಬುದು ಎಲ್ಲರ ಬಾಯಲ್ಲಿರುವ ಮಾತಾದ್ದರಿಂದ ವಿವರಣೆಯೇ ಬೇಕಾಗಲಿಲ್ಲ. ಟಿಂಟಿಂಗ್ ಎಂಬುದಕ್ಕೆ 'ಬಣ್ಣ ಬಿಡುವುದು'. ಹೊಸ ಜೀನ್ಸ್ ಪ್ಯಾಂಟನ್ನು ಬಿಳಿ ಅಂಗಿಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕಿದರೆ ಏನಾಗುತ್ತದೆಂಬುದು ಜೀನ್ಸ್ ಹೊಲಿಯುವ ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಪ್ಲೇಟಿನ ಮೇಲೆ ನಡೆಯುವುದೂ ಅದೇ. ಸ್ಕಮಿಂಗ್ ಎಂಬುದಕ್ಕೆ, ಪಾತ್ರೆಯ ತಳ ಹಿಡಿದ ಮಸಿಯನ್ನು ನೆನೆದು, 'ಮಸಿ ಹಿಡಿಯುವುದು' ಎಂದು ಬರೆದೆ. ಆದರೆ ಇಲ್ಲಿ ನನಗೇ ಅನುಮಾನವಿದೆ. ಮಸಿ ಎಂದರೆ ಕಾಡಿಗೆಯೂ ಹೌದು, ಶಾಯಿಯೂ ಹೌದು. ಪ್ಲೇಟಿನ ಅಕ್ಷರಭಾಗ ಮಸಿ ಹಿಡಿಯಲೇಬೇಕು, ಅದು ಅದರ ಕೆಲಸ. ದೋಷಕ್ಕೂ ಸಹಜ ಕ್ರಿಯೆಗೂ ಒಂದೇ ಹೆಸರಾದರೆ ಮತ್ತೆ ಹಳೆಯ ಕಥೆಯೇ. 'ಕಿಟ್ಟ ಹಿಡಿಯುವುದು' ವಾಸಿಯೇ?

ಗ್ಲೇಜಿಂಗ್ ಎಂಬುದು ಇನ್ನೊಂದು. ತೇವದ ರೋಲರಿನ ರಬ್ಬರಿನ ಮೇಲೆ ಗೋಂದು, ಕಾಗದದ ಸುಣ್ಣದ ಪುಡಿ, ಶಾಯಿಯ ರಾಳ, ಗಡಸು ನೀರಿನ ಕ್ಯಾಲ್ಸಿಯಂ ಎಲ್ಲವೂ ಸೇರಿ ತೆಳುವಾದ ಗಟ್ಟಿ ಪದರ ಕೂರುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ನೋಡಿದರೆ ಅದು ಹೊಳೆಯುತ್ತದೆ. ಉಗುರಿನಿಂದ ಒತ್ತಿದರೆ ರಬ್ಬರು ಮೊದಲಿನಂತೆ ತಗ್ಗುವುದಿಲ್ಲ. ನಿಘಂಟು 'ಮೆರುಗು' ಎನ್ನುತ್ತದೆ. ಮೆರುಗು ಬಂದಿದೆ ಎಂದರೆ ಯಾರಾದರೂ ಸಂತೋಷಪಡುತ್ತಾರೆಯೇ ಹೊರತು ರೋಲರನ್ನು ಬಿಚ್ಚಿ ತೊಳೆಯುವುದಿಲ್ಲ. ಗುದ್ದಲಿ ಹಿಡಿದ ಅಂಗೈಯಂತೆ 'ಜಡ್ಡುಗಟ್ಟುವುದು' ಎಂಬ ಪದ ನನಗೆ ಪೂರಾ ಒಪ್ಪಿಗೆಯಾಗಿದೆ. ಐಪಿಎ ಇಲ್ಲದಾಗ ಇದರ ಪರಿಣಾಮ ಹೆಚ್ಚು. ಆಲ್ಕೊಹಾಲು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುವುದರ ಜೊತೆಗೆ ನೀರನ್ನು ತುಸು ಮಂದವಾಗಿಸಿ, ತೊಟ್ಟಿಯ ರೋಲರು ಅದನ್ನು ಸಮನಾಗಿ ಎತ್ತಿಕೊಳ್ಳುವಂತೆ ಮಾಡುತ್ತದೆ. ಬದಲಿಗೆ ಹಾಕುವ ದ್ರವಗಳು ಸೆಳೆತವನ್ನು ತಗ್ಗಿಸಿದರೂ ನೀರನ್ನು ಅಷ್ಟು ಮಂದವಾಗಿಸುವುದಿಲ್ಲ. ಆದ್ದರಿಂದ ರಬ್ಬರು, ಗಡಸುತನ ಅಳೆಯುವ ಶೋರ್ ಎ ಮಾಪಕದಲ್ಲಿ 25ರ ಆಸುಪಾಸಿನಷ್ಟು ಮೆತ್ತಗಿರಬೇಕು, ರೋಲರುಗಳ ನಡುವಿನ ಒತ್ತಡ ಎರಡೂ ತುದಿಗಳಲ್ಲಿ ಒಂದೇ ಸಮ ಇರಬೇಕು. ಜಡ್ಡುಗಟ್ಟಿದ ರಬ್ಬರಿನ ತಪ್ಪನ್ನು ಇಷ್ಟು ದಿನ ಐಪಿಎ ಮುಚ್ಚಿಡುತ್ತಿತ್ತು.

ಈ ನೀರಿನ ಪದಗಳು ನಮ್ಮಲ್ಲಿ ಏಕಿಲ್ಲ ಎಂಬುದಕ್ಕೆ ನನ್ನದೊಂದು ಊಹೆಯಿದೆ. ಆಫ್‌ಸೆಟ್ ಎಂಬುದು ಕಲ್ಲಚ್ಚಿನ (ಲಿಥೋಗ್ರಫಿಯ) ಸಂತತಿ. ಎರಡರಲ್ಲಿಯೂ ನೀರು ಮತ್ತು ಜಿಡ್ಡು ಒಂದನ್ನೊಂದು ದೂರವಿಡುವುದೇ ಮೂಲತತ್ತ್ವ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಆರಂಭಿಸಿದ 'ಮಂಗಳೂರ ಸಮಾಚಾರ' ಪತ್ರಿಕೆ ಕಲ್ಲಚ್ಚಿನಲ್ಲಿ ಮೂಡುತ್ತಿತ್ತು. ಮರುವರ್ಷ ಅದು ಬಳ್ಳಾರಿಗೆ ಬಂದು, 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಮೊಳೆಯಚ್ಚಿಗೆ ಬದಲಾಯಿತು. ಮೊಳೆಯಚ್ಚಿಗೆ ತೇವದ ರೋಲರ್ ಬೇಡ. ಒಂದು ಶತಮಾನಕ್ಕೂ ಮಿಕ್ಕಿ ಮೊಳೆಯ ಸುತ್ತಲೇ ಬೆಳೆದ ಅಚ್ಚುಕೂಟದ ನುಡಿಯಲ್ಲಿ ನೀರಿನ ಮಾತುಗಳು ಹುಟ್ಟಲು ಅವಕಾಶವೇ ಇರಲಿಲ್ಲ. ಆಫ್‌ಸೆಟ್ ಬಂದಾಗ ಯಂತ್ರದ ಜೊತೆ ಇಂಗ್ಲಿಷ್ ಪದಗಳೂ ಬಂದವು.

ಆದರೆ ಹೊಲದ ಕಡೆ ನೋಡಿದರೆ ಕನ್ನಡಕ್ಕೆ ಈ ಬಡತನವಿಲ್ಲ. ಶಾಯಿಗೂ ನೀರಿಗೂ ಇರಬೇಕಾದ ಹೊಂದಾಣಿಕೆಗೆ ನಾನು 'ಸಮತೋಲನ' ಎಂದು ಬರೆದಿದ್ದೆ. ಬಿತ್ತನೆಗೆ ಮುನ್ನ ಎರೆಮಣ್ಣನ್ನು ಹಿಡಿಯಲ್ಲಿ ಹಿಚುಕಿ ನೋಡುವ ರೈತನ ಮಗನೇ ಆದ ಸಹಾಯಕನೊಬ್ಬ ಅದನ್ನು 'ಹದ' ಎಂದು ಓದಿಕೊಂಡ. ಸಮತೋಲನವೆಂದರೆ ತಕ್ಕಡಿಯ ಎರಡು ತಟ್ಟೆಗಳು ಸಮನಾದಂತೆ. ಇಲ್ಲಿ ಬೇಕಾದದ್ದು ಪ್ಲೇಟು ಮಾಸದಂತೆ ಉಳಿಸುವಷ್ಟು ನೀರು ಮಾತ್ರ, ಅದಕ್ಕಿಂತ ಒಂದಿಷ್ಟೂ ಹೆಚ್ಚಲ್ಲ. ಅದು ಹದವೇ. 'ನೀರಿನ ಹದ' ಎಂದು ತಿದ್ದಿದ್ದೇನೆ.

ಈಗ ಉಳಿದಿರುವ ಪ್ರಶ್ನೆಗಳು ಎರಡು. ಸ್ಕಮಿಂಗ್ ಎಂಬುದಕ್ಕೆ ಮಸಿಯೋ ಕಿಟ್ಟವೋ, ಅಥವಾ ಇವೆರಡಕ್ಕಿಂತ ಮೇಲಾದ ಪದವುಂಟೋ? ಎರಡನೆಯದಾಗಿ, ಐಪಿಎ ಬಿಟ್ಟ ಮೇಲೆ ತೊಟ್ಟಿಯ ರೋಲರಿನ ಮೇಲೆ ನೀರು ಹಾಳೆಯಂತೆ ಹರಡದೆ, ಉತ್ತ ಹೊಲದ ಸಾಲುಗಳಂತೆ ಏಣುಏಣಾಗಿ ನಿಲ್ಲುವುದುಂಟು. ಅದನ್ನು 'ಸಾಲುಗಟ್ಟುವುದು' ಎಂದರೆ ಜನ ಸರದಿಯಲ್ಲಿ ನಿಂತಂತೆ ಕೇಳಿಸುತ್ತದೆ. ರಾಯಚೂರು, ಕೊಪ್ಪಳ, ಗಂಗಾವತಿ ಕಡೆಯ ಮುದ್ರಣಾಲಯಗಳಲ್ಲಿ, ಬಟ್ಟೆ ಹೊದಿಸಿದ ಹಳೆಯ ತೇವದ ರೋಲರುಗಳ ಕಾಲದಿಂದ ಕೆಲಸ ಮಾಡಿದವರು ಇದಕ್ಕೆ ಏನಾದರೂ ಹೇಳುತ್ತಿದ್ದರೆ ದಯವಿಟ್ಟು ತಿಳಿಸಬೇಕು. ಸೂಚನಾಪತ್ರದಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.